ಒಂದು ಬೋಲ್ಟಿನ ಬದಲಿಗೆ ಇನ್ನೊಂದು

ಬೆಂಗಳೂರಿನ ಹೊಸ ತಿಪ್ಪಸಂದ್ರದ ಮಾರುಕಟ್ಟೆ ಬೀದಿಯಲ್ಲಿರುವ ಕಬ್ಬಿಣದ ಸಾಮಾನಿನ ಅಂಗಡಿಯೊಂದಕ್ಕೆ ನಾವು ಒಂದು ದಿನ ಹೋಗಿದ್ದೆವು. ಮನೆಯ ನೀರಿನ ಪಂಪಿನ ಬೋಲ್ಟೊಂದು ಮುರಿದಿತ್ತು. “ಹಳೇದು ತಂದಿದೀರಾ ಸಾರ್? ಕೊಡಿ, ನೋಡಿ ಕೊಡ್ತೀನಿ” ಎಂದರು ಅಂಗಡಿಯವರು. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ತಗಡಿನ ಡಬ್ಬಿಯೊಂದರಲ್ಲಿ ಕೈಯಾಡಿಸಿ, ಅದೇ ದಪ್ಪದ ಇನ್ನೊಂದು ಬೋಲ್ಟನ್ನು ತೆಗೆದು, ಅದಕ್ಕೆ ನಟ್ಟೊಂದನ್ನು ಎರಡು ಸುತ್ತು ತಿರುಗಿಸಿ ತೋರಿಸಿದರು. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಪಂಪು ಇಂದಿಗೂ ಸರಿಯಾಗಿ ನಡೆಯುತ್ತಿದೆ.

ನಾವು ಚಿಲ್ಲರೆ ಎಣಿಸುತ್ತಿದ್ದಾಗ ತಲೆಯ ಮೇಲೆ ಜೆಟ್ ವಿಮಾನವೊಂದು ಗುಡುಗುತ್ತ ಹಾದುಹೋಯಿತು. ಅಂಗಡಿಯಲ್ಲಿದ್ದ ಯಾರೂ ತಲೆಯೆತ್ತಿ ನೋಡಲಿಲ್ಲ. ಎಚ್.ಎ.ಎಲ್. ಮೂರನೆಯ ಹಂತವೆಂದೂ ಕರೆಯಲ್ಪಡುವ ಈ ಬಡಾವಣೆಯವರಿಗೆ ಅದು ದಿನನಿತ್ಯದ ಸದ್ದು. ೧೯೪೦ರಲ್ಲಿ ಆರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಇಲ್ಲಿಗೆ ಸಮೀಪದಲ್ಲಿಯೇ ಇದೆ. ರಕ್ಷಣಾ ಇಲಾಖೆಯ ವೈಮಾನಿಕ ಸಂಶೋಧನಾಲಯವೊಂದರ ಅಂಚೆ ವಿಳಾಸವೇ ಹೊಸ ತಿಪ್ಪಸಂದ್ರ. ಅದರ ಮುಂದಿನ ರಸ್ತೆಗೆ ಸುರಂಜನ್ ದಾಸರ ಹೆಸರಿದೆ. ಅವರು ೧೯೭೦ರ ಜನವರಿ ೧೦ರಂದು ಪರೀಕ್ಷಾ ಹಾರಾಟದಲ್ಲಿ ಮಡಿದ ವೈಮಾನಿಕರು.

ಆಗ ನಮಗೊಂದು ಪ್ರಶ್ನೆ ಹುಟ್ಟಿತು. ಮೇಲೆ ಹಾರಿಹೋದ ಆ ವಿಮಾನದಲ್ಲಿಯೂ ಸಾವಿರಾರು ಬೋಲ್ಟುಗಳೂ ತಿರುಪು ಮೊಳೆಗಳೂ ರಿವೆಟ್ಟುಗಳೂ ಇರುವುವಷ್ಟೆ. ಅವು ಸವೆಯುತ್ತವೆ, ಮುರಿಯುತ್ತವೆ. ಅವುಗಳ ಬದಲಿಗೆ ಬೇರೆಯವನ್ನು ಹಾಕಬೇಕಾಗುತ್ತದೆ. ಅಲ್ಲಿಯೂ ಹಳೆಯದನ್ನು ಬೆಳಕಿಗೆ ಹಿಡಿದು, ಅದರಂತೆ ಕಾಣುವ ಇನ್ನೊಂದನ್ನು ಆರಿಸಿದರೆ ಸಾಲದೆ? ಸಾಲದು. ಏಕೆ ಸಾಲದೆಂಬುದನ್ನು ತಿಳಿಯಲು ಎಲ್ಲಕ್ಕಿಂತ ಕಠಿನವಾದ ಬಾಳನ್ನು ಬಾಳುವ ವಿಮಾನವನ್ನು, ಎಂದರೆ ಹಡಗಿನ ಮೇಲೆ ಇಳಿದು ಹಡಗಿನಿಂದಲೇ ಏರುವ ಯುದ್ಧವಿಮಾನವನ್ನು, ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಹಡಗಿನ ಮೇಲೆ ಇಳಿಯುವುದೆಂದರೆ

ಇಂಥ ವಿಮಾನವೊಂದು ನಮ್ಮ ಬೆಂಗಳೂರಿನಲ್ಲಿಯೇ ರೂಪುಗೊಂಡಿದೆ. ವೈಮಾನಿಕ ಅಭಿವೃದ್ಧಿ ಸಂಸ್ಥೆಯು ರಚಿಸಿ ಎಚ್.ಎ.ಎಲ್. ನಿರ್ಮಿಸಿದ ನೌಕಾ ತೇಜಸ್ ವಿಮಾನ ೨೦೧೨ರ ಏಪ್ರಿಲ್ ೨೭ರಂದು ಇಲ್ಲಿಂದ ಮೊದಲ ಬಾರಿಗೆ ಹಾರಿತು. ೨೦೧೪ರ ಡಿಸೆಂಬರಿನಲ್ಲಿ ಗೋವೆಯ ಪರೀಕ್ಷಾ ನೆಲೆಯ ಇಳಿಜಾರು ಕಟ್ಟೆಯಿಂದ ಮೇಲಕ್ಕೆ ಚಿಮ್ಮಿತು. ೨೦೨೦ರ ಜನವರಿ ೧೧ರಂದು ವಿಕ್ರಮಾದಿತ್ಯ ನೌಕೆಯ ಮೇಲೆಯೂ, ೨೦೨೩ರ ಫೆಬ್ರವರಿ ೬ರಂದು ಹೊಸ ವಿಕ್ರಾಂತ ನೌಕೆಯ ಮೇಲೆಯೂ ಇಳಿಯಿತು. ತೂಕ ಹೆಚ್ಚೆಂಬ ಕಾರಣದಿಂದ ನೌಕಾಪಡೆಯು ಇದನ್ನು ತನ್ನ ಸೇವೆಗೆ ತೆಗೆದುಕೊಳ್ಳಲಿಲ್ಲ. ಆದರೆ ಇದರಿಂದ ಕಲಿತ ಪಾಠಗಳನ್ನು ಎರಡು ಎಂಜಿನುಗಳ ಇನ್ನೊಂದು ನೌಕಾ ವಿಮಾನದ ರಚನೆಯಲ್ಲಿ ಬಳಸಿಕೊಳ್ಳಲಾಗುತ್ತಿದೆ.

ನೆಲದ ಮೇಲೆ ಇಳಿಯುವ ವಿಮಾನವು ಕೊನೆಯ ಗಳಿಗೆಯಲ್ಲಿ ಮೂತಿಯನ್ನೆತ್ತಿ ಮೆಲ್ಲನೆ ನೆಲವನ್ನು ಮುಟ್ಟುತ್ತದೆ. ಹಡಗಿನ ಮೇಲೆ ಅಷ್ಟು ಜಾಗವಿಲ್ಲ. ಬಂದ ವೇಗದಲ್ಲಿಯೇ ಅಟ್ಟಕ್ಕೆ ಅಪ್ಪಳಿಸಬೇಕು. ಸಾಧಾರಣ ಯುದ್ಧವಿಮಾನದ ಗಾಲಿಕಾಲುಗಳನ್ನು ಸೆಕೆಂಡಿಗೆ ಸುಮಾರು ೩ ಮೀಟರು ವೇಗದಲ್ಲಿ ಕೆಳಗಿಳಿದರೂ ತಡೆಯುವಂತೆ ರಚಿಸುತ್ತಾರೆ. ನೌಕಾ ವಿಮಾನಕ್ಕೆ ಇದು ಸುಮಾರು ೭ ಮೀಟರು. ವ್ಯತ್ಯಾಸ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೆಂದು ತೋರಬಹುದು. ಆದರೆ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದೆಂದು ನಮ್ಮ ಓದುಗರು ಶಾಲೆಯಲ್ಲಿ ಕಲಿತಿದ್ದಾರೆ. ಲೆಕ್ಕ ಮಾಡಿದರೆ ಪೆಟ್ಟಿನ ಶಕ್ತಿ ಐದು ಪಟ್ಟಿಗೂ ಮೀರುತ್ತದೆ. ಇಡೀ ವಿಮಾನವನ್ನು ಎರಡೂವರೆ ಮೀಟರು ಎತ್ತರದಿಂದ ಕೆಳಕ್ಕೆ ಬಿಟ್ಟರೆ ಎಷ್ಟೋ ಅಷ್ಟು!

ಇನ್ನು ಅದನ್ನು ನಿಲ್ಲಿಸುವ ಬಗೆ. ವಿಮಾನದ ಹಿಂಭಾಗದಲ್ಲಿರುವ ಕೊಕ್ಕೆಯು ಅಟ್ಟಕ್ಕೆ ಅಡ್ಡಲಾಗಿ ಬಿಗಿದಿರುವ ಉಕ್ಕಿನ ಹಗ್ಗವನ್ನು ಹಿಡಿಯುತ್ತದೆ. ಗಂಟೆಗೆ ೨೪೦ ಕಿಲೋಮೀಟರು ವೇಗದ ವಿಮಾನ ೯೦ ಮೀಟರಿನಲ್ಲಿ ನಿಲ್ಲುತ್ತದೆಂದು ಇಟ್ಟುಕೊಳ್ಳಿ. ಆಗ ಹಿಂದೆಳೆತವು ಗುರುತ್ವದ ಎರಡೂವರೆ ಪಟ್ಟು. ವಿಮಾನದ ತೂಕ ೧೦ ಟನ್ನಾದರೆ ಆ ಕೊಕ್ಕೆಯ ಮೇಲೆ ೨೫ ಟನ್ನಿನ ಎಳೆತ ಬೀಳುತ್ತದೆ. ಇಷ್ಟೂ ಬಲವು ಕೊಕ್ಕೆಯಿಂದ ವಿಮಾನದ ಒಡಲಿಗೆ ಹರಿಯಬೇಕಾದರೆ ನಡುವೆ ಇರುವ ಕೆಲವೇ ಕೀಲುಗಳ ಮೂಲಕ ಹರಿಯತಕ್ಕದ್ದು. ಎತ್ತಿನ ಗಾಡಿಯ ಚಕ್ರ ಎಷ್ಟು ಗಟ್ಟಿಯಾಗಿದ್ದರೇನು? ಅಚ್ಚಿನ ತುದಿಯ ಕಡೆಗೀಲು ಕಳಚಿದರೆ ಗಾಡಿ ಮಗುಚುತ್ತದೆ. ವಿಮಾನದ ಬೋಲ್ಟುಗಳೂ ಹಾಗೆಯೇ.

ಬೋಲ್ಟೆಂಬ ಸ್ಪ್ರಿಂಗು

ಬೋಲ್ಟನ್ನು ನಾವು ಸಾಮಾನ್ಯವಾಗಿ ಗಟ್ಟಿಯಾದ ಗೂಟವೆಂದು ಭಾವಿಸುತ್ತೇವೆ. ಅದು ನಿಜವಾಗಿ ಒಂದು ಸ್ಪ್ರಿಂಗು. ನಟ್ಟನ್ನು ಬಿಗಿದಾಗ ಬೋಲ್ಟು ಉದ್ದಕ್ಕೆ ಹಿಗ್ಗುತ್ತದೆ. ೨೫ ಮಿಲಿಮೀಟರು ಉದ್ದದ ಬೋಲ್ಟನ್ನು ಚೆನ್ನಾಗಿ ಬಿಗಿದರೆ ಅದು ಹಿಗ್ಗುವುದು ತಲೆಗೂದಲಿನ ದಪ್ಪದಷ್ಟು ಮಾತ್ರ. ಆ ಕೂದಲೆಳೆಯ ಹಿಗ್ಗೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತದೆ.

ಈ ಒತ್ತು ಸಾಕಷ್ಟಿದ್ದರೆ ಹೊರಗಿನಿಂದ ಬರುವ ಎಳೆತ ಹೆಚ್ಚುಕಡಮೆಯಾಗುತ್ತಿದ್ದರೂ ಬೋಲ್ಟಿನೊಳಗಿನ ಎಳೆತ ಅಷ್ಟಾಗಿ ಬದಲಾಗುವುದಿಲ್ಲ. ಒತ್ತು ಕಡಿಮೆಯಾದರೆ ಪ್ರತಿಯೊಂದು ಪೆಟ್ಟೂ ಬೋಲ್ಟನ್ನೇ ಎಳೆದು ಬಿಡುತ್ತದೆ, ಎಳೆದು ಬಿಡುತ್ತದೆ. ಸಣ್ಣ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಅದು ತುಂಡಾಗುವುದನ್ನು ನೀವು ನೋಡಿರುವಿರಿ. ಲೋಹಕ್ಕೂ ದಣಿವುಂಟು. ಒಂದೇ ಸಲಕ್ಕೆ ಮುರಿಯಲಾರದ ಬಲವೂ ಸಾವಿರ ಸಲ ಬಂದರೆ ಮುರಿಯುತ್ತದೆ. ವಿಚಿತ್ರವೇನೆಂದರೆ, ಸಡಿಲವಾಗಿ ಬಿಗಿದ ಬೋಲ್ಟು ಬಿಗಿಯಾಗಿ ಬಿಗಿದ ಬೋಲ್ಟಿಗಿಂತ ಬೇಗ ದಣಿದು ಸಾಯುತ್ತದೆ.

ಬಿಗಿತವನ್ನು ಅಳೆಯುವುದು ಸುಲಭವಲ್ಲ. ನಾವು ಸ್ಪ್ಯಾನರಿಗೆ ಕೊಡುವ ಶ್ರಮದ ನೂರು ಪಾಲಿನಲ್ಲಿ ಸುಮಾರು ೫೦ ಪಾಲು ನಟ್ಟು ತಾಗುವ ಮುಖದ ಘರ್ಷಣೆಗೂ, ೪೦ ಪಾಲು ತಿರುಪಿನ ಸುತ್ತುಗಳ ಘರ್ಷಣೆಗೂ ವ್ಯರ್ಥವಾಗುತ್ತದೆ. ಬೋಲ್ಟನ್ನು ಹಿಗ್ಗಿಸುವುದಕ್ಕೆ ಉಳಿಯುವುದು ಹತ್ತೇ ಪಾಲು. ಆದುದರಿಂದ ಬದಲಿ ಬೋಲ್ಟಿನ ಮೇಲ್ಲೇಪ ಬೇರೆಯಾದರೆ, ಅಥವಾ ಅದಕ್ಕೆ ಸವರಿದ ಎಣ್ಣೆ ಬೇರೆಯಾದರೆ, ಘರ್ಷಣೆ ಬದಲಾಗಿ, ಅದೇ ಸ್ಪ್ಯಾನರಿನ ಅದೇ ತಿರುವಿನಿಂದ ಬೇರೆಯೇ ಬಿಗಿತ ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ಕೆಲಸದಲ್ಲಿ ಬೇರೆ.

ತಿರುಪಿನ ಸುತ್ತನ್ನು ಮಾಡಿದ ವಿಧಾನವೂ ಮುಖ್ಯ. ಲೇತಿನಲ್ಲಿ ಕೊರೆದರೆ ಲೋಹದ ಒಳಗಿನ ಎಳೆಗಳು ತುಂಡಾಗುತ್ತವೆ. ಗಟ್ಟಿಯಾದ ಅಚ್ಚುಗಳ ನಡುವೆ ಉರುಳಿಸಿ ಒತ್ತಿದರೆ ಎಳೆಗಳು ತುಂಡಾಗದೆ ಸುತ್ತಿನ ಆಕಾರಕ್ಕೆ ಬಾಗುತ್ತವೆ. ಮೇಲ್ಮೈಯೂ ಒತ್ತಡದಿಂದ ಬಿಗಿಯುತ್ತದೆ. ಎರಡನೆಯ ಬಗೆಯ ಬೋಲ್ಟು ದಣಿವನ್ನು ಬಹಳ ಹೆಚ್ಚು ಕಾಲ ತಡೆಯುತ್ತದೆ. ಅಂಗಡಿಯ ಸಾಧಾರಣ ಬೋಲ್ಟಿನ ಒಂದು ಚದರ ಮಿಲಿಮೀಟರು ಅಡ್ಡಕೊಯ್ತವು ಸುಮಾರು ೪೦ ಕಿಲೋಗ್ರಾಂ ಭಾರಕ್ಕೆ ಮುರಿದರೆ, ವಿಮಾನದ ಉಕ್ಕಿನ ಬೋಲ್ಟು ೧೧೦ ಕಿಲೋಗ್ರಾಮಿಗೂ ಮೇಲ್ಪಟ್ಟು ತಡೆಯುವುದುಂಟು.

ಉಪ್ಪುನೀರಿನ ಕೆಲಸ

ಪೆಟ್ಟು ಸಾಲದೆಂಬಂತೆ ಸಮುದ್ರವೂ ತನ್ನ ಕೆಲಸವನ್ನು ಮಾಡುತ್ತದೆ. ಹಡಗಿನ ಅಟ್ಟದ ಮೇಲೆ ಹಗಲಿರುಳೂ ಉಪ್ಪಿನ ತುಂತುರು ಬೀಳುತ್ತಿರುತ್ತದೆ. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅದು ವಿದ್ಯುತ್ಕೋಶವೇ ಆಗುತ್ತದೆ. ಒಂದು ಲೋಹ ಉಳಿಯುತ್ತದೆ, ಇನ್ನೊಂದು ಕರಗುತ್ತದೆ.

ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಶೇಕಡಾ ೪೫ರಷ್ಟು ಇಂಗಾಲದ ನಾರಿನಿಂದ ಮಾಡಿದ ಸಂಯುಕ್ತ ವಸ್ತು. ಅದು ಹಗುರ, ಗಟ್ಟಿ, ತುಕ್ಕು ಹಿಡಿಯದು. ಆದರೆ ಇಂಗಾಲವು ವಿದ್ಯುತ್ತನ್ನು ಹರಿಯಗೊಡುವ ವಸ್ತು. ಅಂಥ ಹಲಗೆಗೆ ಅಲ್ಯೂಮಿನಿಯಂ ರಿವೆಟ್ಟನ್ನು ಹೊಡೆದರೆ ಆಗುವುದೇನು? ಉಪ್ಪುನೀರು ಸೇರಿದೊಡನೆ ರಿವೆಟ್ಟು ಕರಗಲಾರಂಭಿಸುತ್ತದೆ. ಹಲಗೆ ವಿಶಾಲ, ರಿವೆಟ್ಟು ಸಣ್ಣದು; ಆದುದರಿಂದ ಹಲಗೆಯ ಇಡೀ ಮೇಲ್ಮೈಯ ವಿದ್ಯುತ್ಕ್ರಿಯೆ ಆ ಒಂದು ರಿವೆಟ್ಟಿನ ಮೇಲೆ ಕೇಂದ್ರೀಕರಿಸಿ ಅದನ್ನು ಬೇಗನೆ ತಿಂದುಹಾಕುತ್ತದೆ. ಇದಕ್ಕಾಗಿಯೇ ಇಂಗಾಲದ ನಾರಿನ ಭಾಗಗಳಿಗೆ ಟೈಟೇನಿಯಂ ಮಿಶ್ರಲೋಹದ ಬೋಲ್ಟುಗಳನ್ನು ಬಳಸುತ್ತಾರೆ. ಟೈಟೇನಿಯಂ ಇಂಗಾಲದ ಸಂಗಡ ಕರಗದು. ಅದರ ತೂಕವೂ ಉಕ್ಕಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಬೋಲ್ಟನ್ನು ತೂರಿಸುವ ಮೊದಲು ಅದಕ್ಕೆ ಅಂಟುಲೇಪವನ್ನು ಸವರಿ, ನೀರು ನುಸುಳುವ ಸಂದನ್ನೂ ಮುಚ್ಚುತ್ತಾರೆ.

ಉಕ್ಕಿನ ಬೋಲ್ಟಿಗೆ ತುಕ್ಕು ಹಿಡಿಯದಂತೆ ಕ್ಯಾಡ್ಮಿಯಂ ಲೋಹದ ತೆಳುವಾದ ಲೇಪವನ್ನು ಕೊಡುವುದು ಹಳೆಯ ಪದ್ಧತಿ. ಒಳ್ಳೆಯ ಲೇಪವೆಂದು ಅದನ್ನು ಎಲ್ಲೆಡೆಯೂ ಬಳಸಲಾಗದು. ಕ್ಯಾಡ್ಮಿಯಂ ಟೈಟೇನಿಯಮ್ಮಿಗೆ ತಾಗಿದರೆ ಟೈಟೇನಿಯಮ್ಮನ್ನು ಬಿರುಸಾಗಿಸಿ ಸೀಳಿಸಬಲ್ಲದು. ಹೀಗೆ ಒಂದು ಜಾಗದಲ್ಲಿ ರಕ್ಷಕನಾದುದು ಇನ್ನೊಂದು ಜಾಗದಲ್ಲಿ ಶತ್ರುವಾಗುತ್ತದೆ.

ಹೊಳೆಯುವ ಬೋಲ್ಟಿನೊಳಗಿನ ಕಳ್ಳ

ಲೇಪಕ್ಕೆ ಇನ್ನೊಂದು ಅಪಾಯವೂ ಇದೆ. ಉಕ್ಕನ್ನು ಆಮ್ಲದಲ್ಲಿ ತೊಳೆದು, ವಿದ್ಯುತ್ತಿನ ಮೂಲಕ ಲೇಪ ಹಾಕುವಾಗ ಜಲಜನಕ ಹುಟ್ಟುತ್ತದೆ. ಜಲಜನಕದ ಪರಮಾಣುವು ಬಹಳ ಚಿಕ್ಕದು. ಅದು ಉಕ್ಕಿನೊಳಕ್ಕೆ ನುಸುಳಿ ಕೂಡುತ್ತದೆ. ಉಕ್ಕು ಎಷ್ಟು ಗಟ್ಟಿಯೋ ಅಪಾಯವೂ ಅಷ್ಟು ಹೆಚ್ಚು. ಇಂಥ ಬೋಲ್ಟನ್ನು ಬಿಗಿದಾಗ ಏನೂ ಆಗುವುದಿಲ್ಲ. ಕೆಲವು ಗಂಟೆಗಳು, ಇಲ್ಲವೆ ಕೆಲವು ದಿನಗಳು ಕಳೆದ ಮೇಲೆ, ಯಾರೂ ಮುಟ್ಟದಿರುವಾಗ, ಅದು ತಾನಾಗಿಯೇ ತುಂಡಾಗುತ್ತದೆ.

ಇದಕ್ಕೆ ಪರಿಹಾರವು ಸರಳ, ಆದರೆ ಸಮಯ ಹಿಡಿಯುವಂಥದು. ಲೇಪ ಹಾಕಿದ ಕೆಲವೇ ಗಂಟೆಗಳೊಳಗಾಗಿ ಬೋಲ್ಟುಗಳನ್ನು ಒಲೆಯಲ್ಲಿಟ್ಟು ಸುಮಾರು ೧೯೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅತಿ ಗಟ್ಟಿಯಾದ ಉಕ್ಕಾದರೆ ೨೩ ಗಂಟೆಗಳ ಕಾಲ, ಬೇಯಿಸಬೇಕು. ಆಗ ಜಲಜನಕದ ಕಾಟ ತಪ್ಪುತ್ತದೆ. ಬಳಿಕ ಅದೇ ತೊಟ್ಟಿಯಲ್ಲಿ ಲೇಪವಾದ ಮಾದರಿ ತುಂಡುಗಳನ್ನು ಮುರಿಯುವ ಬಲದ ಮುಕ್ಕಾಲು ಪಾಲು ಭಾರದಿಂದ ೨೦೦ ಗಂಟೆ ಎಳೆದು ಹಿಡಿದು, ಮುರಿಯಲಿಲ್ಲವೆಂದು ಕಂಡ ಮೇಲೆಯೇ ಒಪ್ಪುತ್ತಾರೆ. ಬೇಯಿಸಿದ ಬೋಲ್ಟೂ ಬೇಯಿಸದ ಬೋಲ್ಟೂ ಅಂಗೈಯಲ್ಲಿ ಒಂದೇ ತೆರನಾಗಿ ಹೊಳೆಯುತ್ತವೆ. ಯಾವ ಕಣ್ಣೂ ಅವುಗಳನ್ನು ಬೇರ್ಪಡಿಸಲಾರದು. ಬೇರ್ಪಡಿಸಬಲ್ಲುದು ಒಂದೇ: ಒಲೆಯ ಬಳಿ ನಿಂತವನು ಬರೆದಿಟ್ಟ ಲೆಕ್ಕ.

ಕಣ್ಣಳತೆಯ ಬೆಲೆ

ಹೋಲುವ ಬೋಲ್ಟು ಸಾಕೆಂದವರಿಗೆ ಒದಗಿದ ಅನುಭವಗಳಲ್ಲಿ ಎರಡನ್ನು ಹೇಳುತ್ತೇವೆ. ಎರಡೂ ಪ್ರಯಾಣಿಕರ ವಿಮಾನಗಳವು. ಆದರೆ ಪಾಠ ಎಲ್ಲ ವಿಮಾನಗಳಿಗೂ ಒಂದೇ.

೧೯೯೦ನೆಯ ಇಸವಿ ಜೂನ್ ೧೦ರಂದು ಬ್ರಿಟಿಷ್ ಏರ್‌ವೇಸಿನ ವಿಮಾನವೊಂದು ಬರ್ಮಿಂಗ್‌ಹ್ಯಾಮಿನಿಂದ ಹೊರಟಿತ್ತು. ಹಿಂದಿನ ದಿನ ಅದರ ಚಾಲಕನ ಮುಂದಿನ ಗಾಜನ್ನು ಬದಲಾಯಿಸಿದ್ದರು. ಕೆಲಸ ಮಾಡಿದವರು ಹಳೆಯ ಬೋಲ್ಟನ್ನು ಮಾದರಿಯಾಗಿಟ್ಟುಕೊಂಡು ಕಣ್ಣಳತೆಯಿಂದ ಹೊಸವನ್ನು ಆರಿಸಿದ್ದರು. ೯೦ ಬೋಲ್ಟುಗಳ ಪೈಕಿ ೮೪ರ ದಪ್ಪ ಮಿಲಿಮೀಟರಿನ ಮೂರನೆಯ ಎರಡು ಪಾಲಿನಷ್ಟು ಕಡಿಮೆಯಾಗಿತ್ತು. ಉಳಿದ ಆರು ಉದ್ದದಲ್ಲಿ ಮೋಟಾಗಿದ್ದವು. ವಿಮಾನ ಸುಮಾರು ೫,೩೦೦ ಮೀಟರು ಎತ್ತರಕ್ಕೆ ಏರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಲಂಕಾಸ್ಟರರು ಸೊಂಟದವರೆಗೂ ಹೊರಕ್ಕೆ ಸೆಳೆಯಲ್ಪಟ್ಟರು. ಸಿಬ್ಬಂದಿಯವರು ಅವರ ಕಾಲುಗಳನ್ನು ಸುಮಾರು ೨೦ ನಿಮಿಷ ಬಿಗಿಯಾಗಿ ಹಿಡಿದುಕೊಂಡಿರಲು, ಸಹಚಾಲಕ ಅಟ್ಚಿಸನ್ನರು ಸೌತಾಂಪ್ಟನ್ನಿನಲ್ಲಿ ವಿಮಾನವನ್ನಿಳಿಸಿದರು. ಕ್ಯಾಪ್ಟನ್ನರೂ ಉಳಿದೆಲ್ಲರೂ ಬದುಕಿದುದು ಪುಣ್ಯ.

ಅದಕ್ಕೆ ಒಂಬತ್ತು ತಿಂಗಳ ಹಿಂದೆ, ೧೯೮೯ರ ಸೆಪ್ಟೆಂಬರ್ ೮ರಂದು, ನಾರ್ವೆಯ ಪಾರ್ಟ್‌ನೇರ್ ಸಂಸ್ಥೆಯ ವಿಮಾನವು ಡೆನ್ಮಾರ್ಕಿನ ಉತ್ತರದ ಕಡಲಿಗೆ ಬಿದ್ದಾಗ ಅಂಥ ಪುಣ್ಯ ಒದಗಲಿಲ್ಲ. ೫೫ ಮಂದಿಯೂ ಮಡಿದರು. ಬಾಲದ ರೆಕ್ಕೆಯನ್ನು ಒಡಲಿಗೆ ಜೋಡಿಸುವ ಬೋಲ್ಟುಗಳಲ್ಲಿ ಕೆಲವು ತಕ್ಕ ಗಟ್ಟಿತನವಿಲ್ಲದ ನಕಲಿ ವಸ್ತುಗಳೆಂದು ತನಿಖೆಯಿಂದ ತಿಳಿಯಿತು. ಮೊದಲನೆಯದು ಅವಸರದ ತಪ್ಪು. ಎರಡನೆಯದಕ್ಕೆ ಮೂಲ, ಎಲ್ಲಿಯೋ ಯಾರೋ ಮಾಡಿದ ಮೋಸ. ಇಂಥ ಮೋಸದ ಬೋಲ್ಟುಗಳ ಹಾವಳಿಯನ್ನು ತಡೆಯುವುದಕ್ಕಾಗಿಯೇ ಅಮೆರಿಕ ದೇಶವು ೧೯೯೦ರಲ್ಲಿ ಪ್ರತ್ಯೇಕವಾದ ಕಾನೂನನ್ನು ಮಾಡಬೇಕಾಯಿತು.

ಬದಲಿ ಹಾಕುವ ಕ್ರಮ

ಹಾಗಾದರೆ ಸರಿಯಾದ ಕ್ರಮ ಯಾವುದು? ಕಳಚಿದ ಬೋಲ್ಟನ್ನು ನೋಡಿ ಹೊಸದನ್ನು ಆರಿಸತಕ್ಕದ್ದಲ್ಲ, ಕಳಚಿದ್ದೇ ತಪ್ಪಾದುದಾಗಿರಬಹುದು. ಮೇಲೆ ಹೇಳಿದ ೧೯೯೦ರ ವಿಮಾನದಲ್ಲಿ ಹಾಗೆಯೇ ಆಗಿತ್ತು. ಹಳೆಯ ಬೋಲ್ಟುಗಳಲ್ಲಿ ಹೆಚ್ಚಿನವು ಮೊದಲೇ ಮೋಟಾದವು! ಆದುದರಿಂದ ಆ ರಂಧ್ರಕ್ಕೆ ಯಾವ ಸಂಖ್ಯೆಯ ಬೋಲ್ಟೆಂದು ವಿಮಾನದ ಕೈಪಿಡಿಯಲ್ಲಿ ಓದಬೇಕು. ಆ ಸಂಖ್ಯೆಯ ಬೋಲ್ಟಿನ ಪೊಟ್ಟಣದ ಮೇಲೆ ಅದು ಯಾವ ಕಾರ್ಖಾನೆಯ ಯಾವ ಕಂತಿನದೆಂದು ಬರೆದಿರುತ್ತದೆ. ಆ ಕಂತಿನ ಕಾಗದಗಳನ್ನು ಹಿಡಿದು ಹಿಂದಕ್ಕೆ ಹೋದರೆ, ಉಕ್ಕನ್ನು ಕರಗಿಸಿದ ಕುಲುಮೆಯವರೆಗೂ ಅದರ ಜಾತಕ ಸಿಕ್ಕಬೇಕು.

ರಂಧ್ರವೇ ಸವೆದಿದ್ದರೆ ಅದನ್ನು ನಯವಾಗಿ ಹಿಗ್ಗಿಸಿ, ಅಂಗುಲದ ೬೪ನೆಯ ಒಂದು ಪಾಲಿನಷ್ಟು, ಎಂದರೆ ೦.೪ ಮಿಲಿಮೀಟರು, ದಪ್ಪನಾದ ಬೋಲ್ಟನ್ನು ಹಾಕುವುದುಂಟು. ಅದನ್ನು ದಾಖಲೆಯಲ್ಲಿ ಬರೆಯದಿದ್ದರೆ ಮುಂದಿನ ಸಲ ಬಂದವನು ಕೈಪಿಡಿಯಂತೆ ಮೊದಲಿನ ಗಾತ್ರದ ಬೋಲ್ಟನ್ನೇ ತರುತ್ತಾನೆ. ಅದು ರಂಧ್ರದಲ್ಲಿ ಅಲುಗಾಡುತ್ತದೆ. ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸೀಳುಪಿನ್ನನ್ನು ಎರಡನೆಯ ಸಲ ಬಳಸಕೂಡದು. ತಾನಾಗಿ ಕಚ್ಚಿ ಹಿಡಿಯುವ ನಟ್ಟು ನೈಲಾನಿನ ಬಳೆಯದಾದರೆ ೧೨೦ ಡಿಗ್ರಿಗೆ ಮೀರಿದ ಶಾಖದ ಜಾಗದಲ್ಲಿ ಹಾಕಕೂಡದು. ಅಲ್ಲಿ ಪೂರ್ತಿ ಲೋಹದ್ದೇ ಆಗಬೇಕು. ಕೈತಪ್ಪಿ ಬಿದ್ದ ತಿರುಪು ಮೊಳೆಯನ್ನು ಹುಡುಕಿ ತೆಗೆಯದೆ ಬಿಡುವಂತಿಲ್ಲ. ಅಟ್ಟದ ಮೇಲಿನ ಒಂದು ಮೊಳೆಯನ್ನು ಎಂಜಿನು ಒಳಕ್ಕೆ ಸೆಳೆದುಕೊಂಡರೆ ಎಂಜಿನೇ ಹಾಳು. ಇದಕ್ಕಾಗಿ ವಿಮಾನವಾಹಕ ನೌಕೆಗಳಲ್ಲಿ ನಾವಿಕರು ಸಾಲಾಗಿ ನಿಂತು, ನೆಲವನ್ನೇ ನೋಡುತ್ತ, ಅಟ್ಟದ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ.

ಭಾಗ ಸಿಕ್ಕದಿದ್ದರೆ?

ಕ್ರಮವೆಲ್ಲ ಸರಿ, ಆದರೆ ಬೇಕಾದ ಸಂಖ್ಯೆಯ ಭಾಗವೇ ದೊರೆಯದಿದ್ದರೆ ಏನು ಮಾಡುವುದು? ೧೯೯೮ರಲ್ಲಿ ಪೋಖರಣದ ಅಣು ಪರೀಕ್ಷೆಗಳಾದ ಮೇಲೆ ಅಮೆರಿಕವು ವಿಧಿಸಿದ ನಿರ್ಬಂಧಗಳಿಂದ ನಮ್ಮ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರುಗಳಿಗೆ ಬಿಡಿಭಾಗಗಳ ಅಭಾವವುಂಟಾಯಿತು. ನೌಕಾಪಡೆಯ ಮಿಗ್-೨೯ಕೆ ವಿಮಾನಗಳಲ್ಲಿ ಹಾರಲು ಸಿದ್ಧವಾಗಿರುತ್ತಿದ್ದವು ಶೇಕಡಾ ೧೫.೯೩ರಿಂದ ೩೭.೬೩ರಷ್ಟು ಮಾತ್ರವೆಂದು ಮಹಾಲೇಖಪಾಲರ ೨೦೧೬ರ ವರದಿ ತಿಳಿಸಿತು. ಅದಕ್ಕೆ ಒಡಲಿನ ಮತ್ತು ಎಂಜಿನಿನ ದೋಷಗಳೇ ಮೊದಲಾದ ಕಾರಣಗಳಿದ್ದವು. ೨೦೨೫ರ ಏಪ್ರಿಲ್ ೨೮ರಂದು ನಮ್ಮ ದೇಶವು ೨೬ ರಫಾಲ್ ನೌಕಾ ವಿಮಾನಗಳಿಗಾಗಿ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡಿತು. ವಿಮಾನವನ್ನು ಒಂದು ಸಲ ಕೊಂಡರೆ ಮುಗಿಯದು. ಅದರ ಬೋಲ್ಟುಗಳನ್ನು ಹಲವು ದಶಕಗಳ ಕಾಲ ಒದಗಿಸುತ್ತಿರಬೇಕು.

ಆದುದರಿಂದಲೇ ನಮ್ಮಲ್ಲಿಯೇ ಮಾಡಿದ ಬದಲಿ ಭಾಗಗಳಿಗೆ ಇಷ್ಟು ಮಹತ್ವ. ಅದಕ್ಕೆ ಬೇಕಾದ ಸಾಮಗ್ರಿ ದೂರವಿಲ್ಲ. ಹೈದರಾಬಾದಿನ ಮಿಶ್ರ ಧಾತು ನಿಗಮದಲ್ಲಿ ಟೈಟೇನಿಯಂ ಮಿಶ್ರಲೋಹಗಳು ತಯಾರಾಗುತ್ತವೆ. ಹೊಸ ತಿಪ್ಪಸಂದ್ರದಿಂದ ಹೆಚ್ಚು ದೂರವಿಲ್ಲದ ಕೋಡಿಹಳ್ಳಿಯಲ್ಲಿ, ೧೯೫೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವಿದೆ. ಅಲ್ಲಿ ಲೋಹದ ದಣಿವನ್ನು ಪರೀಕ್ಷಿಸುತ್ತಾರೆ, ಮುರಿದ ಭಾಗಗಳು ಏಕೆ ಮುರಿದವೆಂದು ಶೋಧಿಸುತ್ತಾರೆ. ಸೇನಾ ವಿಮಾನಗಳ ಭಾಗಗಳು ಹಾರಾಟಕ್ಕೆ ಯೋಗ್ಯವೆಂದು ನಿರ್ಣಯಿಸುವ ಕೇಂದ್ರವು ಮಾರತ್ತಹಳ್ಳಿಯಲ್ಲಿದೆ. ಇಷ್ಟೆಲ್ಲ ಇದ್ದರೂ ಒಂದು ಬೋಲ್ಟನ್ನು ಹೊಸದಾಗಿ ಮಾಡಿ ಒಪ್ಪಿಸುವುದು ನಿಧಾನದ ಕೆಲಸ. ಆಕಾರವನ್ನು ಅನುಕರಿಸುವುದು ಒಂದು ವಾರದ ಮಾತು. ಉಕ್ಕು, ಶಾಖ, ಲೇಪ, ಒಲೆಯ ಗಂಟೆಗಳು, ದಣಿವಿನ ಪರೀಕ್ಷೆ ಎಲ್ಲವೂ ಸರಿಯೆಂದು ತೋರಿಸಿಕೊಡುವುದಕ್ಕೆ ಹಿಡಿಯುವ ಕಾಲ ಅದಕ್ಕಿಂತ ಬಹಳ ಹೆಚ್ಚು. ವಿಮಾನದ ಬೋಲ್ಟಿಗೆ ಅಷ್ಟು ಬೆಲೆಯೇಕೆಂದು ಕೆಲವರು ಆಕ್ಷೇಪಿಸುವುದುಂಟು. ಬೆಲೆಯಲ್ಲಿ ಲೋಹದ ಪಾಲು ಸ್ವಲ್ಪ; ಹೆಚ್ಚಿನ ಪಾಲು ಅದು ಏನೆಂದು ಹೇಳಲಾಗಿದೆಯೋ ಅದೇ ಹೌದೆಂಬ ಪ್ರಮಾಣಕ್ಕೆ ಸಲ್ಲುತ್ತದೆ.

ನಮ್ಮ ತರುಣ ಓದುಗರು ಮುಂದಿನ ಸಲ ಅಂಗಡಿಯಿಂದ ಬೋಲ್ಟು ತಂದಾಗ ಅದರ ತಲೆಯನ್ನು ನೋಡಲಿ. ೮.೮ ಎಂದು ಅಚ್ಚಾಗಿದ್ದರೆ, ಅದು ಚದರ ಮಿಲಿಮೀಟರಿಗೆ ಸುಮಾರು ೮೦ ಕಿಲೋಗ್ರಾಂ ಭಾರವನ್ನು ತಡೆಯುವುದೆಂದೂ, ಅದರ ಶೇಕಡಾ ೮೦ರಷ್ಟು ಭಾರದವರೆಗೆ ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುವುದೆಂದೂ ಅರ್ಥ. ಅದು ಯಾರೋ ಕೊಟ್ಟ ಮಾತು. ಆ ಮಾತನ್ನು ಅಚ್ಚೊತ್ತುವುದು ಸುಲಭ, ನಡೆಸುವುದು ಕಷ್ಟ. ಪಂಪಿನ ಬೋಲ್ಟು ಮಾತಿಗೆ ತಪ್ಪಿದರೆ ಒಂದು ದಿನ ನೀರು ಬರಲಿಕ್ಕಿಲ್ಲ. ನಡುಗಡಲಿನಲ್ಲಿ, ಕತ್ತಲೆಯಲ್ಲಿ, ಅಲುಗುತ್ತಿರುವ ಅಟ್ಟದ ಮೇಲೆ ಇಳಿಯುತ್ತಿರುವ ವೈಮಾನಿಕನಿಗೆ ತನ್ನ ಕೊಕ್ಕೆಯ ಕೀಲನ್ನು ಬಿಚ್ಚಿ ನೋಡುವ ಅವಕಾಶವಿಲ್ಲ. ಒಲೆಯ ಬಳಿ ನಿಂತು ೨೩ ಗಂಟೆಗಳೆಂದು ಬರೆದವನು ನಿಜವಾಗಿಯೂ ೨೩ ಗಂಟೆ ಕಾದಿರುವನೆಂದು ಅವನು ನಂಬಿ ಇಳಿಯುತ್ತಾನೆ.